ಸಾಕ್ಷಿಯಾಗಿ 'ನಾನು': ಜಾರ್ಜ್ ಆರ್ವೆಲ್ಲನ ಪುಸ್ತಕ, ರಂಗಭೂಮಿ ಮತ್ತು ಚಲನಚಿತ್ರ ವಿಮರ್ಶೆಗಳು

1. ಪ್ರವೇಶ

ವಿಮರ್ಶೆಯಲ್ಲಿ 'ನಾನು' ಎಂಬ ಪದಕ್ಕೆ ಎಷ್ಟು ಎಡೆಯಿರಬೇಕು ಎಂಬುದು ಹಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ದೀರ್ಘ ವಿಮರ್ಶೆಗೂ ಪತ್ರಿಕೆಯ ಅವಲೋಕನಕ್ಕೂ ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ಇವೆರಡನ್ನೂ 'ವಿಮರ್ಶೆ' ಎಂಬ ಒಂದೇ ಪದದಿಂದ ಕರೆಯುವುದು ರೂಢಿ. ಆದರೂ ವ್ಯವಹಾರದಲ್ಲಿ ಒಂದು ಶ್ರೇಣೀಕರಣ ಇದ್ದೇ ಇದೆ. ತಾತ್ತ್ವಿಕ ಚೌಕಟ್ಟುಳ್ಳ ದೀರ್ಘ ಲೇಖನ ಗ್ರಂಥಾಲಯದ ಕಪಾಟನ್ನು ಸೇರುತ್ತದೆ. ವಾರಪತ್ರಿಕೆಯ ಒಂದೂವರೆ ಅಂಕಣದ 'ಪುಸ್ತಕ ಪರಿಚಯ', ನಾಟಕ ನೋಡಿ ಬಂದ ರಾತ್ರಿಯೇ ಬರೆದ ಟಿಪ್ಪಣಿ, ಚಲನಚಿತ್ರದ ಬಗೆಗಿನ ಅನಿಸಿಕೆ ಇವು ರದ್ದಿಯ ಪಾಲಾಗುತ್ತವೆ. ಮೊದಲನೆಯದನ್ನು ವಸ್ತುನಿಷ್ಠವೆಂದೂ ಎರಡನೆಯದನ್ನು ವ್ಯಕ್ತಿನಿಷ್ಠವೆಂದೂ ವಿಂಗಡಿಸಿ, ವ್ಯಕ್ತಿನಿಷ್ಠವಾದುದು ಸಂಶೋಧನೆಯ ಆಕರವಾಗಲಾರದು ಎಂದು ಭಾವಿಸುವುದು ಈ ಶ್ರೇಣೀಕರಣದ ಮುಂದಿನ ಹೆಜ್ಜೆ.

ಈ ಭಾವನೆಯನ್ನು ಪರೀಕ್ಷಿಸಲು ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ಲನ (1903–1950) ವಿಮರ್ಶಾ ಬರಹಗಳು ಒಂದು ಒಳ್ಳೆಯ ಸಂದರ್ಭವನ್ನು ಒದಗಿಸುತ್ತವೆ. 'ಅನಿಮಲ್ ಫಾರ್ಮ್' (1945) ಮತ್ತು 'ನೈನ್‌ಟೀನ್ ಎಯ್ಟಿ-ಫೋರ್' (1949) ಕೃತಿಗಳ ಕರ್ತೃವಾಗಿ ಆತ ಪ್ರಸಿದ್ಧ. ಆದರೆ ಬದುಕಿನ ಬಹುಭಾಗ ಆತನ ಹೊಟ್ಟೆ ಹೊರೆದ ಕಸುಬುಗಳಲ್ಲಿ ಪತ್ರಿಕೆಗಳಿಗೆ ವಿಮರ್ಶೆ ಬರೆಯುವುದೂ ಒಂದು. ಕಾದಂಬರಿ, ಇತಿಹಾಸ, ಆತ್ಮಕಥೆ, ರಾಜಕೀಯ ಗ್ರಂಥ, ಶೇಕ್ಸ್‌ಪಿಯರನ ನಾಟಕಪ್ರಯೋಗ, ಹಾಸ್ಯಗಾರನ ರಂಗಪ್ರದರ್ಶನ, ಹಾಲಿವುಡ್ ಚಿತ್ರ ಹೀಗೆ ಸಂಪಾದಕರು ಕೊಟ್ಟ ಎಲ್ಲದರ ಬಗೆಗೂ ಆತ ಬರೆದ. ಈ ಬರಹಗಳಲ್ಲಿ ಬರುವ 'ನಾನು' ಬರಿಯ ಅಭಿರುಚಿಯ ಉದ್ಗಾರವಲ್ಲ; ಅದು ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಸಾಕ್ಷಿಯ 'ನಾನು'. ಸಾಕ್ಷಿಗೆ ಎರಡು ಹೊಣೆಗಳಿರುತ್ತವೆ: ತಾನು ಕಂಡದ್ದನ್ನು ಹೇಳುವುದು ಮತ್ತು ತಾನು ಎಲ್ಲಿ ನಿಂತು ಕಂಡೆನೆಂಬುದನ್ನು ಮುಚ್ಚಿಡದಿರುವುದು. ಆರ್ವೆಲ್ಲನ ವಿಮರ್ಶೆಯ ಬಲವೂ ಮಿತಿಯೂ ಈ ಎರಡು ಹೊಣೆಗಳ ನಿರ್ವಹಣೆಯಲ್ಲಿವೆ.

2. ಕಸುಬಾಗಿ ವಿಮರ್ಶೆ

ಎರಿಕ್ ಆರ್ಥರ್ ಬ್ಲೇರ್ ಎಂಬುದು ಆರ್ವೆಲ್ಲನ ನಿಜನಾಮ. ಆತ ಹುಟ್ಟಿದ್ದು ಇಂದಿನ ಬಿಹಾರದ ಮೋತಿಹಾರಿಯಲ್ಲಿ. 1922ರಿಂದ 1927ರವರೆಗೆ ಬರ್ಮಾದಲ್ಲಿ ಬ್ರಿಟಿಷ್ ಸರಕಾರದ ಪೊಲೀಸ್ ಅಧಿಕಾರಿಯಾಗಿದ್ದು, ಕೆಲಸ ಬಿಟ್ಟು ಬರಹಕ್ಕೆ ಇಳಿದ. 1930ರಲ್ಲಿ 'ಅಡೆಲ್ಫಿ' ಎಂಬ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯತೊಡಗಿದ. ಮೊದಲ ಕಾದಂಬರಿ 'ಬರ್ಮೀಸ್ ಡೇಸ್' ಪ್ರಕಟವಾದದ್ದು 1934ರಲ್ಲಿ. ಅಂದರೆ ಕಾದಂಬರಿಕಾರನಾಗಿ ಹೆಸರು ಮಾಡಿದವನು ಅನಂತರ ವಿಮರ್ಶೆಗೆ ಕೈಹಾಕಿದ್ದಲ್ಲ. ವಿಮರ್ಶಕನಾಗಿ ದುಡಿಯುತ್ತಲೇ ಆತ ಲೇಖಕನಾದ. ಈ ಕಾಲಾನುಕ್ರಮ ಮುಖ್ಯವಾದುದು.

ಕಸುಬಿನ ಒಳಗಿನ ಕೊಳೆ ಆತನಿಗೆ ಚೆನ್ನಾಗಿ ಗೊತ್ತಿತ್ತು. 1936ರಲ್ಲಿ ಬರೆದ 'ಇನ್ ಡಿಫೆನ್ಸ್ ಆಫ್ ದ ನಾವೆಲ್' ಲೇಖನದಲ್ಲಿ ಕಾದಂಬರಿಯ ಮಾನ ಕುಸಿಯುತ್ತಿರುವುದಕ್ಕೆ ವಿಮರ್ಶಕರ ಅತಿಪ್ರಶಂಸೆಯೇ ಒಂದು ದೊಡ್ಡ ಕಾರಣವೆಂದು ಆತ ವಾದಿಸುತ್ತಾನೆ. ವಾದದ ಸಾರ ಇಷ್ಟು: ಪತ್ರಿಕೆಗಳು ಪ್ರಕಾಶಕರ ಜಾಹೀರಾತನ್ನು ನೆಚ್ಚಿಕೊಂಡಿವೆ. ಆದ್ದರಿಂದ ಬಂದ ಪುಸ್ತಕವನ್ನೆಲ್ಲ ಹೊಗಳಬೇಕಾಗುತ್ತದೆ. ಸಾಧಾರಣ ಕಾದಂಬರಿಯೂ ಮೇರುಕೃತಿಯೆನಿಸಿಕೊಂಡಾಗ ನಿಜವಾದ ಮೇರುಕೃತಿಗೆ ಪದಗಳೇ ಉಳಿಯುವುದಿಲ್ಲ. ಓದುಗ ಹೊಗಳಿಕೆಯನ್ನು ನಂಬುವುದನ್ನೇ ಬಿಡುತ್ತಾನೆ. ಕಾದಂಬರಿಗಳನ್ನು ದರ್ಜೆಗಳಾಗಿ ವಿಂಗಡಿಸುವ, ಪ್ರಕಾಶಕರ ಹಂಗಿಲ್ಲದ ಒಂದು ಪತ್ರಿಕೆ ಬೇಕೆಂದು ಆತ ಸೂಚಿಸುತ್ತಾನೆ.

ಹತ್ತು ವರ್ಷಗಳ ಅನಂತರ, 1946ರ ಮೇ ತಿಂಗಳಲ್ಲಿ, 'ಟ್ರಿಬ್ಯೂನ್' ವಾರಪತ್ರಿಕೆಯಲ್ಲಿ ಪ್ರಕಟವಾದ 'ಕನ್‌ಫೆಷನ್ಸ್ ಆಫ್ ಎ ಬುಕ್ ರಿವ್ಯೂಯರ್' ಪ್ರಬಂಧ ಇದೇ ಸಂಗತಿಯನ್ನು ಹಾಸ್ಯದ ಧಾಟಿಯಲ್ಲಿ ನೋಡುತ್ತದೆ. ಚಳಿಯ ಕೋಣೆ, ಸಿಗರೇಟಿನ ತುಂಡುಗಳು, ಕಾಗದದ ರಾಶಿ, ಪರಸ್ಪರ ಸಂಬಂಧವೇ ಇಲ್ಲದ ಐದು ಪುಸ್ತಕಗಳ ಒಂದು ಕಟ್ಟು, ಮರುದಿನ ಮಧ್ಯಾಹ್ನದೊಳಗೆ ಎಂಟುನೂರು ಪದಗಳ ಬರಹ ಇವು ಅಲ್ಲಿನ ವಿಮರ್ಶಕನ ಪ್ರಪಂಚ. ಈ ಚಿತ್ರದ ಹಿಂದಿರುವ ವಿಚಾರ ಗಂಭೀರವಾದುದು. ಬಹುಪಾಲು ಪುಸ್ತಕಗಳು ಓದುಗನಲ್ಲಿ ಯಾವ ಪ್ರತಿಕ್ರಿಯೆಯನ್ನೂ ಹುಟ್ಟಿಸುವುದಿಲ್ಲ. ಹುಟ್ಟದ ಪ್ರತಿಕ್ರಿಯೆಯನ್ನು ಕೂಲಿಗಾಗಿ ಹುಟ್ಟಿಸಬೇಕಾದಾಗ ವಿಮರ್ಶಕ ತನ್ನ ಪ್ರಾಮಾಣಿಕತೆಯನ್ನು ಹನಿಹನಿಯಾಗಿ ಕಳೆದುಕೊಳ್ಳುತ್ತಾನೆ. ಇದಕ್ಕೆ ಆತ ಸೂಚಿಸುವ ಪರಿಹಾರ ಸರಳವಾದುದು: ಬಹುಪಾಲು ಪುಸ್ತಕಗಳನ್ನು ಬಿಟ್ಟುಬಿಡಬೇಕು, ಮುಖ್ಯವೆನಿಸಿದ ಕೆಲವಕ್ಕೆ ದೀರ್ಘವಾದ ವಿಮರ್ಶೆ ಬರೆಯಬೇಕು. ಚಲನಚಿತ್ರ ವಿಮರ್ಶಕನ ಪಾಡು ಇನ್ನೂ ಕೆಟ್ಟದ್ದು, ಆತನಿಗೆ ಮನೆಯಲ್ಲಿ ಕುಳಿತು ಕೆಲಸ ಮಾಡುವ ಸವಲತ್ತೂ ಇಲ್ಲ ಎಂಬ ಮಾತನ್ನೂ ಪ್ರಬಂಧದ ಕೊನೆಯಲ್ಲಿ ಸೇರಿಸುತ್ತಾನೆ.

ಈ ಎರಡು ಲೇಖನಗಳನ್ನು ಒಟ್ಟಿಗೆ ಓದಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಆರ್ವೆಲ್ಲನ ದೃಷ್ಟಿಯಲ್ಲಿ ವಿಮರ್ಶೆಗೆ ಅಪಾಯ ಬರುವುದು 'ನಾನು' ಹೆಚ್ಚಾದುದರಿಂದಲ್ಲ, 'ನಾನು' ಇಲ್ಲವಾದುದರಿಂದ. ಹೊಗಳಿಕೆಯ ಸಿದ್ಧ ನುಡಿಗಟ್ಟುಗಳು ಯಾರೊಬ್ಬರ ಅನುಭವವೂ ಅಲ್ಲ. ಆದ್ದರಿಂದಲೇ ಅವು ಸುಳ್ಳು.

3. ಕಂಡವನ ಮಾತು

ಸಾಕ್ಷಿಯ ಮೊದಲ ಹೊಣೆ ಕಂಡದ್ದನ್ನು ಹೇಳುವುದು. ಅದರ ಬೆಲೆ ಏನೆಂಬುದು ಆರ್ವೆಲ್ಲನಿಗೆ ಅರಿವಾದದ್ದು 1937ರಲ್ಲಿ. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಹೋರಾಡಿ, ಕುತ್ತಿಗೆಗೆ ಗುಂಡೇಟು ತಿಂದು, ಅದೇ ವರ್ಷದ ಬೇಸಿಗೆಯಲ್ಲಿ ಆತ ಇಂಗ್ಲೆಂಡಿಗೆ ಮರಳಿದ್ದ. ಫ್ರಾಂಜ್ ಬೊರ್ಕೆನೌ ಎಂಬ ಸಮಾಜವಿಜ್ಞಾನಿ ಬರೆದ 'ದ ಸ್ಪ್ಯಾನಿಷ್ ಕಾಕ್‌ಪಿಟ್' ಗ್ರಂಥದ ವಿಮರ್ಶೆಯನ್ನು 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆಗೆ ಬರೆದುಕೊಟ್ಟ. ಗಣರಾಜ್ಯದ ಪಾಳೆಯದೊಳಗೇ ಕಮ್ಯುನಿಸ್ಟರು ಇತರ ಎಡಪಂಥೀಯರನ್ನು ಹತ್ತಿಕ್ಕುತ್ತಿದ್ದ ಸಂಗತಿಯನ್ನು ಆ ವಿಮರ್ಶೆ ಎತ್ತಿ ಹೇಳುತ್ತಿತ್ತು. ಸಂಪಾದಕ ಕಿಂಗ್‌ಸ್ಲಿ ಮಾರ್ಟಿನ್ ಅದು ಪತ್ರಿಕೆಯ ರಾಜಕೀಯ ನಿಲುವಿಗೆ ವಿರುದ್ಧವೆಂದು ನಿರಾಕರಿಸಿದ. ಸಂಭಾವನೆಯನ್ನು ಮಾತ್ರ ಕೊಡಲು ಮುಂದಾದ. ಅದೇ ಜುಲೈ ತಿಂಗಳಲ್ಲಿ 'ಟೈಮ್ ಅಂಡ್ ಟೈಡ್' ಆ ಗ್ರಂಥದ ಬಗೆಗಿನ ಆರ್ವೆಲ್ಲನ ವಿಮರ್ಶೆಯನ್ನು ಪ್ರಕಟಿಸಿತು.

ಈ ಪ್ರಸಂಗ ಸಾಮಾನ್ಯವಾಗಿ ಆರ್ವೆಲ್ಲನ ರಾಜಕೀಯ ಜೀವನದ ಅಂಗವಾಗಿ ಚರ್ಚೆಯಾಗುತ್ತದೆ. ವಿಮರ್ಶೆಯ ಚರಿತ್ರೆಯ ದೃಷ್ಟಿಯಿಂದಲೂ ಅದು ಮುಖ್ಯ. ಪತ್ರಿಕೆಗೆ ಬೇಕಾಗಿದ್ದುದು ಒಂದು ಪುಸ್ತಕದ ಪರಿಚಯ. ಆದರೆ ವಿಮರ್ಶಕ ಆ ನೆಲದಲ್ಲಿ ಇದ್ದು ಬಂದವನು. ಪುಸ್ತಕದ ಮಾತು ನಿಜವೋ ಅಲ್ಲವೋ ಎಂಬುದನ್ನು ಆತ ಇತರ ಗ್ರಂಥಗಳ ನೆರವಿಲ್ಲದೆಯೇ ಹೇಳಬಲ್ಲ. ಇಲ್ಲಿ ವೈಯಕ್ತಿಕ ಅನುಭವವನ್ನು ತೆಗೆದುಹಾಕಿ 'ವಸ್ತುನಿಷ್ಠ'ನಾಗುವುದೆಂದರೆ ಗೊತ್ತಿರುವ ಸತ್ಯವನ್ನು ಅಡಗಿಸುವುದೆಂದೇ ಅರ್ಥ. ತನ್ನ ಅನುಭವವನ್ನು ವಿಸ್ತಾರವಾಗಿ ನಿರೂಪಿಸಿದ 'ಹೋಮೇಜ್ ಟು ಕ್ಯಾಟಲೋನಿಯಾ' (1938) ಗ್ರಂಥಕ್ಕೆ ಈ ವಿಮರ್ಶೆಯ ಸಂದರ್ಭವೂ ಒಂದು ಪೂರ್ವಪೀಠಿಕೆ.

ಎರಡನೆಯ ನಿದರ್ಶನ ಭಾರತೀಯ ಓದುಗರಿಗೆ ಹೆಚ್ಚು ಹತ್ತಿರದ್ದು. 1949ರ ಜನವರಿಯಲ್ಲಿ ಅಮೆರಿಕದ 'ಪಾರ್ಟಿಸನ್ ರಿವ್ಯೂ' ಪತ್ರಿಕೆಯಲ್ಲಿ ಆರ್ವೆಲ್ಲನ 'ರಿಫ್ಲೆಕ್ಷನ್ಸ್ ಆನ್ ಗಾಂಧಿ' ಪ್ರಕಟವಾಯಿತು. ಮೂಲತಃ ಇದು ಗಾಂಧೀಜಿಯವರ ಆತ್ಮಕಥೆಯ ವಿಮರ್ಶೆ. ಆತ್ಮಕಥೆಯ ಮೊದಲ ಅಧ್ಯಾಯಗಳನ್ನು ಭಾರತದ ಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಓದಿದ್ದನ್ನು ಆತ ಅಲ್ಲಿ ನೆನೆಯುತ್ತಾನೆ. ಆಗ ಅವು ತನ್ನ ಮೇಲೆ ಒಳ್ಳೆಯ ಪರಿಣಾಮ ಬೀರಿದುವು. ಆದರೆ ಗಾಂಧೀಜಿಯವರ ಬಗೆಗೆ ಆಗ ತನಗೆ ಅಂಥ ಒಲವು ಇರಲಿಲ್ಲ ಎಂದೂ ಹೇಳುತ್ತಾನೆ. ಸಾಮ್ರಾಜ್ಯದ ಪೊಲೀಸನಾಗಿದ್ದವನು, ಸಾಮ್ರಾಜ್ಯ ಮುಗಿದ ಮೇಲೆ, ಅದನ್ನು ಎದುರಿಸಿದ ಮಹಾಪುರುಷನ ಆತ್ಮಕಥೆಯನ್ನು ಪರಿಶೀಲಿಸುತ್ತಿದ್ದಾನೆ. ಈ ಸ್ಥಾನವನ್ನು ಮರೆಮಾಡದಿರುವುದರಿಂದಲೇ ಮುಂದಿನ ಆಕ್ಷೇಪಗಳನ್ನು ಓದುಗ ತೂಗಿ ನೋಡಬಲ್ಲ. ಸಂತತ್ವದ ಆದರ್ಶ ತನಗೆ ಒಪ್ಪಿಗೆಯಾಗದು, ಮನುಷ್ಯ ಮನುಷ್ಯರ ನಡುವಿನ ಪಕ್ಷಪಾತದ ಪ್ರೀತಿಯನ್ನು ಅದು ಬಿಟ್ಟುಕೊಡಬೇಕೆನ್ನುತ್ತದೆ ಎಂಬುದು ಆತನ ಮುಖ್ಯ ತಕರಾರು. ಇಷ್ಟಾಗಿಯೂ ಗಾಂಧೀಜಿಯವರ ಧೈರ್ಯ, ನೇರತನ, ಜನಾಂಗದ್ವೇಷವಿಲ್ಲದ ಮನಸ್ಸು ಇವುಗಳನ್ನು ಎತ್ತಿಹೇಳಿ, ಕಾಲದ ಇತರ ರಾಜಕೀಯ ನಾಯಕರೊಡನೆ ಹೋಲಿಸಿದರೆ ಅವರು ಎಷ್ಟು ನಿರ್ಮಲರೆಂಬುದನ್ನು ಒಪ್ಪಿಕೊಂಡು ಲೇಖನ ಮುಗಿಯುತ್ತದೆ. ಈ ತೀರ್ಮಾನವನ್ನು ಭಾರತೀಯ ಓದುಗ ಒಪ್ಪಬೇಕಾಗಿಲ್ಲ. ಆಶ್ರಮಜೀವನದ ಅರ್ಥವನ್ನು ಆರ್ವೆಲ್ ಪೂರ್ತಿಯಾಗಿ ಹಿಡಿದಿಲ್ಲವೆಂದು ವಾದಿಸಲು ಸಾಧ್ಯವಿದೆ. ಆದರೆ ವಾದಿಸಲು ಬೇಕಾದ ಆಧಾರವನ್ನು ವಿಮರ್ಶಕನೇ ಕೊಟ್ಟಿದ್ದಾನೆ ಎಂಬುದು ಗಮನಾರ್ಹ.

4. ತನ್ನ ವಿರುದ್ಧವೇ ಸಾಕ್ಷಿ

ವೈಯಕ್ತಿಕ ವಿಮರ್ಶೆಯ ಮೇಲಿನ ಮುಖ್ಯ ಆರೋಪ ಪೂರ್ವಗ್ರಹದ್ದು. ಈ ಆರೋಪವನ್ನು ಆರ್ವೆಲ್ ಅಲ್ಲಗಳೆಯುವುದಿಲ್ಲ. ತಾನೇ ಅದನ್ನು ಇನ್ನಷ್ಟು ಹರಿತಗೊಳಿಸುತ್ತಾನೆ. 1948ರ 'ರೈಟರ್ಸ್ ಅಂಡ್ ಲೆವಯಥನ್' ಲೇಖನದಲ್ಲಿ ಬರುವ ವಿಚಾರ ಇದು: ಕೃತಿಯೊಂದನ್ನು ಓದಿದಾಗ ನಿಜವಾಗಿ ಹುಟ್ಟುವುದು ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂಬ ಭಾವ ಮಾತ್ರ. ಮಿಕ್ಕ ತರ್ಕವೆಲ್ಲ ಅದಕ್ಕೆ ಆಮೇಲೆ ಒದಗಿಸುವ ಸಮರ್ಥನೆ. ಹಿಡಿಸಿತು ಎಂಬುದು ಸಾಹಿತ್ಯಕ ಪ್ರತಿಕ್ರಿಯೆಯೇ ಹೌದು. ಆದರೆ ಈ ಪುಸ್ತಕ ನಮ್ಮ ಕಡೆಯದು, ಆದ್ದರಿಂದ ಇದರಲ್ಲಿ ಗುಣ ಹುಡುಕಬೇಕು ಎಂದು ಹೊರಟಾಗ ಅಪ್ರಾಮಾಣಿಕತೆ ಶುರುವಾಗುತ್ತದೆ. ವ್ಯಕ್ತಿಯ ರುಚಿಗೂ ಪಂಗಡದ ನಿಷ್ಠೆಗೂ ನಡುವೆ ಆತ ಎಳೆಯುವ ಈ ಗೆರೆ ಬಹಳ ಮುಖ್ಯವಾದುದು. ಎರಡೂ 'ವ್ಯಕ್ತಿನಿಷ್ಠ'ವಾಗಿ ತೋರಬಹುದು. ಆದರೆ ಎರಡನೆಯದರಲ್ಲಿ ವ್ಯಕ್ತಿಯೇ ಇಲ್ಲ.

ಈ ಗೆರೆಯನ್ನು ಪ್ರಯೋಗದಲ್ಲಿ ಕಾಣಲು 1940ರ ಮಾರ್ಚ್ ತಿಂಗಳ ಒಂದು ವಿಮರ್ಶೆಯನ್ನು ನೋಡಬಹುದು. 'ನ್ಯೂ ಇಂಗ್ಲಿಷ್ ವೀಕ್ಲಿ'ಗೆ ಆತ ಹಿಟ್ಲರನ 'ಮೈನ್ ಕಾಂಫ್' ಗ್ರಂಥದ ಇಂಗ್ಲಿಷ್ ಅನುವಾದವನ್ನು ವಿಮರ್ಶಿಸಿದ. ಇಂಗ್ಲೆಂಡ್ ಜರ್ಮನಿಯೊಡನೆ ಯುದ್ಧದಲ್ಲಿದ್ದ ಕಾಲವದು. ಖಂಡನೆ ಬರೆಯುವುದು ಸುಲಭವಿತ್ತು. ಆದರೆ ಅವಕಾಶ ಸಿಕ್ಕರೆ ಹಿಟ್ಲರನನ್ನು ಕೊಲ್ಲಲು ತಾನು ಹಿಂಜರಿಯಲಾರೆ ಎನ್ನುವ ಆರ್ವೆಲ್, ವೈಯಕ್ತಿಕವಾಗಿ ಆ ಮನುಷ್ಯನ ಮೇಲೆ ತನಗೆ ದ್ವೇಷ ಹುಟ್ಟುತ್ತಿಲ್ಲವೆಂದೂ ಅದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ. ಈ ಒಪ್ಪಿಗೆ ಚಮತ್ಕಾರಕ್ಕಾಗಿ ಬಂದುದಲ್ಲ. ತನ್ನೊಳಗೇ ಕಾಣಿಸಿಕೊಂಡ ಆಕರ್ಷಣೆಯ ಎಳೆಯನ್ನು ಹಿಡಿದು ಆತ ಹಿಟ್ಲರನ ಯಶಸ್ಸಿನ ಕಾರಣವನ್ನು ಹುಡುಕುತ್ತಾನೆ. ಮನುಷ್ಯರಿಗೆ ಬೇಕಾದುದು ಸುಖ, ಭದ್ರತೆ, ಕಡಿಮೆ ದುಡಿಮೆ ಇಷ್ಟೇ ಎಂದು ಪ್ರಗತಿಪರ ಚಿಂತನೆ ನಂಬಿತ್ತು. ಅವರಿಗೆ ಕೆಲವೊಮ್ಮೆ ಹೋರಾಟ, ತ್ಯಾಗ, ಬಾವುಟ, ನಿಷ್ಠೆ ಇವುಗಳ ಹಸಿವೂ ಇರುತ್ತದೆ ಎಂಬುದನ್ನು ಹಿಟ್ಲರ್ ತಿಳಿದಿದ್ದ ಎಂಬುದು ವಿಮರ್ಶೆಯ ನಿಲುವು. ವಿಮರ್ಶಕ ತನ್ನನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಳ್ಳದಿದ್ದರೆ ಈ ಒಳನೋಟ ದೊರೆಯುವುದು ಕಷ್ಟವಿತ್ತು.

1944ರಲ್ಲಿ ಬರೆದ 'ಬೆನಿಫಿಟ್ ಆಫ್ ಕ್ಲರ್ಜಿ' ಎಂಬ ಲೇಖನ ಚಿತ್ರಕಾರ ಸಾಲ್ವಡಾರ್ ಡಾಲಿಯ ಆತ್ಮಕಥೆಯನ್ನು ಕುರಿತದ್ದು. ಡಾಲಿಯ ಬರಹದಲ್ಲಿನ ಕ್ರೌರ್ಯ, ವಿಕೃತಿಗಳು ಆರ್ವೆಲ್ಲನಿಗೆ ಹೇಸಿಗೆ ಹುಟ್ಟಿಸುತ್ತವೆ. ಆದರೆ ಡಾಲಿ ಅಸಾಧಾರಣ ರೇಖಾಚಿತ್ರಕಾರ ಎಂಬುದನ್ನೂ ಆತ ಒತ್ತಿ ಹೇಳುತ್ತಾನೆ. ಒಂದು ಪಕ್ಷದವರು ಕಲೆಯ ಹೆಸರಿನಲ್ಲಿ ಎಲ್ಲವನ್ನೂ ಮನ್ನಿಸುತ್ತಾರೆ. ಇನ್ನೊಂದು ಪಕ್ಷದವರು ನೀತಿಯ ಹೆಸರಿನಲ್ಲಿ ಕಲೆಯನ್ನೇ ನಿರಾಕರಿಸುತ್ತಾರೆ. ಎರಡು ಸತ್ಯಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಇರಿಸಿಕೊಳ್ಳುವ ಶಕ್ತಿ ವಿಮರ್ಶಕನಿಗೆ ಬೇಕೆಂಬುದು ಲೇಖನದ ತಿರುಳು. ಈ ಲೇಖನಕ್ಕೆ ಒದಗಿದ ಗತಿಯೂ ಅರ್ಥಪೂರ್ಣವಾಗಿದೆ: ಅದು ಅಚ್ಚಾದ ವಾರ್ಷಿಕ ಸಂಪುಟದ ಪ್ರತಿಗಳಿಂದ ಅಶ್ಲೀಲತೆಯ ಕಾರಣ ನೀಡಿ ಆ ಹಾಳೆಗಳನ್ನೇ ಕತ್ತರಿಸಿ ತೆಗೆಯಲಾಯಿತು.

5. ರಂಗಭೂಮಿ ಮತ್ತು ಚಲನಚಿತ್ರ

ಪುಸ್ತಕ ವಿಮರ್ಶೆಯ ಓದುಗ ಬೇಕೆಂದರೆ ಮೂಲಕೃತಿಗೆ ಹೋಗಿ ವಿಮರ್ಶಕನ ಮಾತನ್ನು ತಾಳೆ ನೋಡಬಹುದು. ರಂಗಪ್ರಯೋಗದ ವಿಷಯದಲ್ಲಿ ಈ ಅವಕಾಶವಿಲ್ಲ. ತೆರೆ ಬಿದ್ದ ಮೇಲೆ ಪ್ರಯೋಗ ಉಳಿಯುವುದು ನೋಡಿದವರ ನೆನಪಿನಲ್ಲಿ, ಮತ್ತು ನೋಡಿ ಬರೆದವರ ಮಾತಿನಲ್ಲಿ. ಆದ್ದರಿಂದ ರಂಗವಿಮರ್ಶೆ ಅಭಿಪ್ರಾಯವೂ ಹೌದು, ದಾಖಲೆಯೂ ಹೌದು.

1940ರ ಮೇ ತಿಂಗಳಿನಿಂದ 1941ರ ಆಗಸ್ಟ್‌ವರೆಗೆ ಆರ್ವೆಲ್ 'ಟೈಮ್ ಅಂಡ್ ಟೈಡ್' ಪತ್ರಿಕೆಗೆ ರಂಗಭೂಮಿಯ ಬಗೆಗೂ ಚಲನಚಿತ್ರದ ಬಗೆಗೂ ಬರೆದ. ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಸುತ್ತಿದ್ದ ತಿಂಗಳುಗಳೂ ಈ ಅವಧಿಯಲ್ಲಿಯೇ ಸೇರಿವೆ. ಓಲ್ಡ್ ವಿಕ್ ರಂಗಮಂದಿರದ 'ಟೆಂಪೆಸ್ಟ್' ಪ್ರಯೋಗದ ಬಗೆಗೆ ಬರೆದ ಲೇಖನಿಯೇ ಹೋಬರ್ನ್ ಎಂಪೈರ್ ಎಂಬ ಜನಪ್ರಿಯ ರಂಗಮಂದಿರದಲ್ಲಿ ಮ್ಯಾಕ್ಸ್ ಮಿಲ್ಲರ್ ಎಂಬ ಹಾಸ್ಯನಟ ನಡೆಸಿಕೊಡುತ್ತಿದ್ದ ಕಾರ್ಯಕ್ರಮದ ಬಗೆಗೂ ಬರೆಯಿತು. ಮಿಲ್ಲರನ ಹಾಸ್ಯ ಪೋಲಿತನಕ್ಕೆ ಹೆಸರಾದುದು. ವಿದ್ವಜ್ಜನ ಮೂಗು ಮುರಿಯುವ ಆ ಹಾಸ್ಯವನ್ನು ಆರ್ವೆಲ್ ಜನಸಂಸ್ಕೃತಿಯ ಒಂದು ಮುಖ್ಯ ಅಭಿವ್ಯಕ್ತಿಯಾಗಿ ಪರಿಗಣಿಸಿದ. 1941ರಲ್ಲಿ 'ಹೊರೈಜನ್' ಪತ್ರಿಕೆಯಲ್ಲಿ ಪ್ರಕಟವಾದ 'ದ ಆರ್ಟ್ ಆಫ್ ಡೊನಾಲ್ಡ್ ಮೆಕ್‌ಗಿಲ್' ಎಂಬ ಪ್ರಸಿದ್ಧ ಲೇಖನದಲ್ಲಿ ಪೋಲಿ ಚಿತ್ರಗಳ ಅಂಚೆ ಕಾರ್ಡುಗಳ ಮೂಲಕ ಆತ ಬೆಳೆಸಿದ ವಿಚಾರ ಇದೇ ದಾರಿಯದು. ಪ್ರತಿಯೊಬ್ಬ ಮನುಷ್ಯನಲ್ಲೂ ಆದರ್ಶಕ್ಕಾಗಿ ಹಾತೊರೆಯುವವನ ಜೊತೆಗೆ ಹೊಟ್ಟೆಯ ಪರ ಮಾತನಾಡುವ ಒಬ್ಬ ಕುಳ್ಳ ವಿದೂಷಕನೂ ಇದ್ದಾನೆ ಎಂಬುದು ಅದರ ಸಾರ. ಹೋಬರ್ನ್ ಎಂಪೈರ್ ಬಾಂಬು ದಾಳಿಗೆ ಸಿಲುಕಿ ಮುಚ್ಚಿಹೋಯಿತು, ಮತ್ತೆ ತೆರೆಯಲಿಲ್ಲ. ಅಲ್ಲಿ ಕುಳಿತು ನಕ್ಕವರ ನಗೆಗೆ ಇಂದು ಉಳಿದಿರುವ ಸಾಕ್ಷ್ಯಗಳಲ್ಲಿ ಆ ವಾರದ ವಿಮರ್ಶೆಯೂ ಒಂದು.

ಚಲನಚಿತ್ರದ ವಿಮರ್ಶೆಗಳಲ್ಲಿ ಚಾಪ್ಲಿನ್ನನ 'ದ ಗ್ರೇಟ್ ಡಿಕ್ಟೇಟರ್' ಕುರಿತು 1940ರ ಡಿಸೆಂಬರಿನಲ್ಲಿ ಬರೆದದ್ದು ಗಮನಾರ್ಹವಾದುದು. ಚಿತ್ರದ ತಾಂತ್ರಿಕ ದೌರ್ಬಲ್ಯಗಳನ್ನೂ ಸಡಿಲ ಬಂಧವನ್ನೂ ಆರ್ವೆಲ್ ಗುರುತಿಸುತ್ತಾನೆ. ಆದರೂ ಅದು ತನ್ನನ್ನು ತಟ್ಟಿತೆಂದು ಹೇಳಿ, ಏಕೆ ತಟ್ಟಿತು ಎಂದು ಪ್ರಶ್ನಿಸುತ್ತಾನೆ. ಸಾಮಾನ್ಯ ಮನುಷ್ಯನ ಎದೆಯಲ್ಲಿರುವ ಸಜ್ಜನಿಕೆಯ ಮೇಲಿನ ನಂಬಿಕೆಗೆ ಚಾಪ್ಲಿನ್ ರೂಪ ಕೊಡಬಲ್ಲ ಎಂಬುದು ಆತ ಕಂಡುಕೊಳ್ಳುವ ಉತ್ತರ. 'ಮೈನ್ ಕಾಂಫ್' ವಿಮರ್ಶೆ ಬರೆದ ವರ್ಷದಲ್ಲಿಯೇ ಈ ವಿಮರ್ಶೆಯೂ ಬಂದಿದೆ. ಒಂದು ಹಿಟ್ಲರನ ಆಕರ್ಷಣೆಯನ್ನು, ಇನ್ನೊಂದು ಹಿಟ್ಲರನನ್ನು ಅಣಕಿಸುವ ಕಲೆಯ ಆಕರ್ಷಣೆಯನ್ನು ವಿವರಿಸುತ್ತದೆ. ಗ್ರಂಥ ವಿಮರ್ಶೆಯನ್ನೂ ಚಿತ್ರ ವಿಮರ್ಶೆಯನ್ನೂ ಬೇರೆ ಬೇರೆ ಸಂಪುಟಗಳಲ್ಲಿ ಇರಿಸಿದರೆ ಈ ಸಂವಾದ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿಯೇ ಮಿತಿಗಳನ್ನೂ ಹೇಳಬೇಕು. ಚಲನಚಿತ್ರದ ದೃಶ್ಯಭಾಷೆ, ಸಂಕಲನ, ಬೆಳಕಿನ ವಿನ್ಯಾಸ ಇವುಗಳಲ್ಲಿ ಆರ್ವೆಲ್ಲನಿಗೆ ಹೆಚ್ಚಿನ ಆಸಕ್ತಿ ಕಾಣುವುದಿಲ್ಲ. ಕಥೆ, ಮಾತು, ಸಾಮಾಜಿಕ ಧೋರಣೆ ಇವೇ ಆತನ ಗಮನದ ಕೇಂದ್ರ. ಸಿನಿಮಾವನ್ನು ಸಿನಿಮಾವಾಗಿ ಅರಿಯಬೇಕೆನ್ನುವ ಓದುಗನಿಗೆ ಇವುಗಳಿಂದ ದೊರೆಯುವುದು ಕಡಿಮೆ. ಸಾಕ್ಷಿ ತಾನು ನೋಡಬಲ್ಲುದನ್ನಷ್ಟೇ ನೋಡುತ್ತಾನೆ.

ಸ್ನೇಹದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. 1945ರ ನವೆಂಬರ್ ಕೊನೆಯಲ್ಲಿ ಗೆಳೆಯ ಆರ್ಥರ್ ಕೊಯಿಸ್ಲರನ 'ಟ್ವೈಲೈಟ್ ಬಾರ್' ನಾಟಕವನ್ನು ಆರ್ವೆಲ್ 'ಟ್ರಿಬ್ಯೂನ್'ನಲ್ಲಿ ಕಟುವಾಗಿ ವಿಮರ್ಶಿಸಿದ. ಮರುತಿಂಗಳು ಕ್ರಿಸ್‌ಮಸ್ ಕಳೆಯಲು ವೇಲ್ಸ್‌ನಲ್ಲಿದ್ದ ಅದೇ ಕೊಯಿಸ್ಲರನ ಮನೆಗೆ ಅತಿಥಿಯಾಗಿ ಹೋದ. ಇದಕ್ಕೆ ಪ್ರತಿಯಾಗಿ ಕವಿ ಸ್ಟೀಫನ್ ಸ್ಪೆಂಡರನ ಪ್ರಸಂಗವಿದೆ. ಭೇಟಿಯಾಗುವ ಮೊದಲು ಸ್ಪೆಂಡರನನ್ನು ಒಂದು ವರ್ಗದ ಪ್ರತಿನಿಧಿಯಾಗಿ ಕಂಡು ಟೀಕಿಸಿದ್ದ ಆರ್ವೆಲ್, ಭೇಟಿಯಾದ ಮೇಲೆ 1938ರಲ್ಲಿ ಅವನಿಗೆ ಪತ್ರ ಬರೆದು ತನ್ನ ನಿಲುವು ಬದಲಾದುದನ್ನು ವಿವರಿಸಿದ. ಎದುರಿಗೆ ಕಂಡ ಮನುಷ್ಯ ಮನುಷ್ಯನಾಗಿಬಿಡುತ್ತಾನೆ, ಆಗ ಅವನನ್ನು ಬರಿಯ ಸಂಕೇತವಾಗಿ ಬಳಸುವುದು ಆಗುವುದಿಲ್ಲ ಎಂಬುದು ಆ ವಿವರಣೆಯ ಭಾವ. ಒಂದೆಡೆ ಸ್ನೇಹ ವಿಮರ್ಶೆಯನ್ನು ಮೃದುಗೊಳಿಸಲಿಲ್ಲ; ಇನ್ನೊಂದೆಡೆ ಪರಿಚಯ ಅನ್ಯಾಯವನ್ನು ತಿದ್ದಿತು. ವಿಮರ್ಶಕ–ಲೇಖಕ ಸಂಬಂಧಕ್ಕೆ ಸೂತ್ರರೂಪದ ಉತ್ತರವಿಲ್ಲವೆಂಬುದನ್ನು ಈ ಎರಡು ಘಟನೆಗಳು ತೋರಿಸುತ್ತವೆ.

6. ವಿಮರ್ಶೆಯಿಂದ ಕೃತಿಗೆ

ಲೇಖಕನೊಬ್ಬನ ವಿಮರ್ಶೆಗಳು ಆತನ ಸೃಜನಕೃತಿಗಳ ಅಧ್ಯಯನಕ್ಕೆ ಹೇಗೆ ನೆರವಾಗುತ್ತವೆ ಎಂಬುದಕ್ಕೆ 'ನೈನ್‌ಟೀನ್ ಎಯ್ಟಿ-ಫೋರ್' ಒಳ್ಳೆಯ ನಿದರ್ಶನ. 1946ರ ಜನವರಿಯಲ್ಲಿ ಆರ್ವೆಲ್ ರಷ್ಯನ್ ಲೇಖಕ ಯೆವ್ಗೆನಿ ಜಮ್ಯಾತಿನನ 'ವಿ' ಕಾದಂಬರಿಯನ್ನು ಫ್ರೆಂಚ್ ಅನುವಾದದ ಮೂಲಕ ಓದಿ 'ಟ್ರಿಬ್ಯೂನ್'ನಲ್ಲಿ ವಿಮರ್ಶಿಸಿದ. ಅದೇ ವರ್ಷ ಅಮೆರಿಕದ ಚಿಂತಕ ಜೇಮ್ಸ್ ಬರ್ನ್‌ಹ್ಯಾಮನ ವಿಚಾರಗಳ ಮೇಲೆ ದೀರ್ಘ ಲೇಖನ ಬರೆದ. ಜಗತ್ತು ಕೆಲವು ಮಹಾಪ್ರಭುತ್ವಗಳಾಗಿ ಒಡೆದುಕೊಳ್ಳುತ್ತದೆ ಎಂಬ ಬರ್ನ್‌ಹ್ಯಾಮನ ಊಹೆಯನ್ನು ಅಲ್ಲಿ ವಿವರಿಸಿ, ಶಕ್ತಿಯ ಆರಾಧನೆಯೇ ಅವನ ತರ್ಕದ ಮೂಲದೋಷವೆಂದು ವಾದಿಸಿದ. ಮೂರು ವರ್ಷಗಳ ಅನಂತರ ಬಂದ ಕಾದಂಬರಿಯಲ್ಲಿ ಮೂರು ಮಹಾರಾಜ್ಯಗಳಿವೆ; ಶಕ್ತಿಗಾಗಿಯೇ ಶಕ್ತಿಯನ್ನು ಆರಾಧಿಸುವ ಪಕ್ಷವಿದೆ. ವಿಮರ್ಶೆಯಲ್ಲಿ ತಾನು ನಿರಾಕರಿಸಿದ ವಿಚಾರವನ್ನು ಕಾದಂಬರಿಕಾರ ದುಃಸ್ವಪ್ನವಾಗಿ ಕಟ್ಟಿದ್ದಾನೆ. ಇದನ್ನು ಬರಿಯ ಪ್ರಭಾವವೆಂದು ಕರೆದರೆ ಸಾಲದು. ಒಂದು ಸ್ವಾರಸ್ಯವೂ ಇಲ್ಲಿದೆ: ಆಲ್ಡಸ್ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' ಜಮ್ಯಾತಿನನಿಗೆ ಋಣಿಯಾಗಿರಬೇಕೆಂದು ಆ ವಿಮರ್ಶೆಯಲ್ಲಿ ಆರ್ವೆಲ್ ಶಂಕಿಸಿದ. ಮುಂದೆ ಅದೇ ಪ್ರಶ್ನೆಯನ್ನು ವಿದ್ವಾಂಸರು ಆರ್ವೆಲ್ಲನ ಕಾದಂಬರಿಯ ಬಗೆಗೂ ಎತ್ತಿದರು.

ಹೆನ್ರಿ ಮಿಲ್ಲರನ 'ಟ್ರಾಪಿಕ್ ಆಫ್ ಕ್ಯಾನ್ಸರ್' ಬಗೆಗೆ 1935ರಲ್ಲಿ ಬರೆದ ಚಿಕ್ಕ ವಿಮರ್ಶೆ ಐದು ವರ್ಷಗಳಲ್ಲಿ ಬೆಳೆದು 'ಇನ್‌ಸೈಡ್ ದ ವೇಲ್' (1940) ಎಂಬ ಮಹತ್ವದ ಪ್ರಬಂಧವಾಯಿತು. ಭಾರತದ ಸಂಬಂಧದ ಒಂದು ನಿದರ್ಶನವೂ ಇದೆ. 1941ರಿಂದ 1943ರವರೆಗೆ ಬಿಬಿಸಿಯ ಪೌರ್ವಾತ್ಯ ವಿಭಾಗದಲ್ಲಿ ಭಾರತಕ್ಕಾಗಿ ಪ್ರಸಾರವಾಗುತ್ತಿದ್ದ ಭಾಷಣಗಳನ್ನು ಆರ್ವೆಲ್ ಸಿದ್ಧಪಡಿಸುತ್ತಿದ್ದ. ಅಲ್ಲಿ ಮುಲ್ಕ್ ರಾಜ್ ಆನಂದರು ಆತನ ಒಡನಾಡಿಗಳಾಗಿದ್ದರು. ಆನಂದರ 'ದ ಸ್ವೋರ್ಡ್ ಅಂಡ್ ದ ಸಿಕಲ್' ಕಾದಂಬರಿಯನ್ನು 1942ರಲ್ಲಿ ವಿಮರ್ಶಿಸುವಾಗ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆಯುವುದರ ಅರ್ಥವೇನು ಎಂಬ ಪ್ರಶ್ನೆಯನ್ನು ಆತ ಮುಂದಿಟ್ಟ. ದೇಶಭಾಷೆಗಳಲ್ಲಿ ದುಡಿಯುವವರು ಇಂದಿಗೂ ಬಿಟ್ಟುಕೊಡದ ಪ್ರಶ್ನೆ ಅದು.

ದೂರದರ್ಶನಕ್ಕೆ ಆರ್ವೆಲ್ ವಿಮರ್ಶಕನಾಗಲಿಲ್ಲ. 1936ರಲ್ಲಿ ಆರಂಭವಾಗಿದ್ದ ಬಿಬಿಸಿ ದೂರದರ್ಶನ ಯುದ್ಧದಿಂದಾಗಿ 1939ರಲ್ಲಿ ನಿಂತು 1946ರಲ್ಲಷ್ಟೇ ಮರಳಿ ಶುರುವಾಯಿತು. ಆದರೆ ಬಾನುಲಿಯ ಒಳಗನ್ನು ಕಂಡವನು, ನೋಡುವವನನ್ನೇ ನೋಡುವ ಪರದೆಯನ್ನು ಕಾದಂಬರಿಯಲ್ಲಿ ಕಲ್ಪಿಸಿದ. ಆತನ ಮರಣಾನಂತರ, 1954ರ ಡಿಸೆಂಬರಿನಲ್ಲಿ, ಆ ಕಾದಂಬರಿಯೇ ಬಿಬಿಸಿ ದೂರದರ್ಶನದಲ್ಲಿ ನಾಟಕವಾಗಿ ಎರಡು ಬಾರಿ ನೇರಪ್ರಸಾರವಾಯಿತು. ಎರಡನೆಯ ಪ್ರಸಾರದ ಮುದ್ರಣ ಉಳಿದಿದೆ, ಮೊದಲನೆಯದು ಉಳಿದಿಲ್ಲ. ದೇಶದಾದ್ಯಂತ ಕೋಲಾಹಲವೆಬ್ಬಿಸಿ ಸಂಸತ್ತಿನವರೆಗೂ ಚರ್ಚೆ ತಂದ ಆ ಮೊದಲ ರಾತ್ರಿ ಇಂದು ಉಳಿದಿರುವುದು ನೋಡಿದವರ ಮಾತಿನಲ್ಲಿ ಮಾತ್ರ. ದೃಶ್ಯಮಾಧ್ಯಮದ ಯುಗದಲ್ಲಿಯೂ ವೈಯಕ್ತಿಕ ವಿಮರ್ಶೆ ದಾಖಲೆಯಾಗುವುದು ಹೀಗೆ.

7. ಸಂಪಾದನೆಯ ಪ್ರಶ್ನೆ ಮತ್ತು ಕನ್ನಡದ ಸಂದರ್ಭ

ಮೇಲಿನ ಚರ್ಚೆ ಸಾಧ್ಯವಾದುದು ಪಠ್ಯಗಳು ಒದಗಿರುವುದರಿಂದ. 1968ರಲ್ಲಿ ಸೋನಿಯಾ ಆರ್ವೆಲ್ ಮತ್ತು ಇಯಾನ್ ಆಂಗಸ್ ನಾಲ್ಕು ಸಂಪುಟಗಳಲ್ಲಿ ಪ್ರಬಂಧ, ಪತ್ರಿಕಾಬರಹ, ಪತ್ರಗಳನ್ನು ಸಂಕಲಿಸಿದರು. ಆಯ್ಕೆಯ ಸಂಕಲನವಾದುದರಿಂದ ಅನೇಕ ವಿಮರ್ಶೆಗಳು ಹೊರಗುಳಿದುವು. ಪೀಟರ್ ಡೇವಿಸನ್ ಸಂಪಾದಿಸಿದ, 1998ರಲ್ಲಿ ಪೂರ್ಣಗೊಂಡ ಇಪ್ಪತ್ತು ಸಂಪುಟಗಳ ಸಮಗ್ರ ಆವೃತ್ತಿಯಲ್ಲಿ ಕೊನೆಯ ಹನ್ನೊಂದು ಸಂಪುಟಗಳು ವಿಮರ್ಶೆ, ಪತ್ರ, ದಿನಚರಿ, ಪ್ರಬಂಧಗಳನ್ನು ಪ್ರಕಾರವಾರು ಬೇರ್ಪಡಿಸದೆ ಕಾಲಾನುಕ್ರಮದಲ್ಲಿ ಇರಿಸಿವೆ. ಒಂದು ತಿಂಗಳಲ್ಲಿ ಲೇಖಕ ಓದಿದ್ದೇನು, ನೋಡಿದ್ದೇನು, ಯಾರಿಗೆ ಏನು ಬರೆದ ಎಂಬುದು ಒಟ್ಟಿಗೆ ಕಾಣುವುದರಿಂದ ಒಂದು ಮನಸ್ಸಿನ ಚಲನೆಯನ್ನು ಹಿಂಬಾಲಿಸಲು ಸಾಧ್ಯವಾಗುತ್ತದೆ.

ಕನ್ನಡದಲ್ಲಿ ಸಮಗ್ರ ಸಂಪುಟಗಳ ಪರಂಪರೆ ಶ್ರೀಮಂತವಾಗಿದೆ. ಆದರೆ ಅವು ಸಾಮಾನ್ಯವಾಗಿ ಕಾವ್ಯ, ಕಥೆ, ಕಾದಂಬರಿ, ನಾಟಕ, ಗದ್ಯ ಎಂಬ ಪ್ರಕಾರಗಳ ಕ್ರಮವನ್ನು ಅನುಸರಿಸುತ್ತವೆ. 'ಜೀವನ' ಪತ್ರಿಕೆಯನ್ನು 1944ರಿಂದ 1965ರವರೆಗೆ ನಡೆಸಿದ ಮಾಸ್ತಿಯವರು, 1962ರಲ್ಲಿ 'ಸಾಕ್ಷಿ'ಯನ್ನು ಆರಂಭಿಸಿದ ಗೋಪಾಲಕೃಷ್ಣ ಅಡಿಗರು, ಕಥೆ, ಕಾವ್ಯ, ನಾಟಕಗಳನ್ನು ಬರೆದು 'ಪಲ್ಲವಿ' (1976) ಮೊದಲಾದ ಚಿತ್ರಗಳನ್ನು ನಿರ್ದೇಶಿಸಿ 1980ರಲ್ಲಿ ವಾರಪತ್ರಿಕೆ ಕಟ್ಟಿದ ಪಿ. ಲಂಕೇಶರು ಸೃಜನಶೀಲ ಬರಹ ಮತ್ತು ಪತ್ರಿಕಾ ಬರಹಗಳೆರಡನ್ನೂ ಒಂದೇ ಕೈಯಿಂದ ನಡೆಸಿದವರು. ಲಂಕೇಶರ 'ಟೀಕೆ ಟಿಪ್ಪಣಿ' ಪುಸ್ತಕರೂಪದಲ್ಲಿ ದೊರೆಯುತ್ತಿರುವುದು ಸಂಶೋಧಕರಿಗೆ ದೊಡ್ಡ ಅನುಕೂಲ. ಆದರೆ ಒಂದು ಕಥೆಯನ್ನು ಬರೆಯುತ್ತಿದ್ದ ವಾರಗಳಲ್ಲಿ ಅದರ ಕರ್ತೃ ಯಾವ ಪುಸ್ತಕದ ಬಗೆಗೆ ಏನು ಹೇಳುತ್ತಿದ್ದರು, ಯಾವ ನಾಟಕ ನೋಡಿ ಬಂದಿದ್ದರು ಎಂದು ಕೇಳುವ ಅಧ್ಯಯನಕ್ಕೆ ಪ್ರಕಾರವಾರು ಸಂಪುಟ ಸಾಲದು. ಪತ್ರಿಕೆಯ ಹಳೆಯ ಸಂಚಿಕೆಗಳೇ ಬೇಕು. ಅಗ್ಗದ ಕಾಗದದ ಮೇಲೆ ಅಚ್ಚಾದ ಆ ಸಂಚಿಕೆಗಳ ಆಯುಸ್ಸು ದೊಡ್ಡದಲ್ಲ. ಪ್ರಯೋಗದ ದಾಖಲೆಯಿಲ್ಲದ ನಾಟಕ, ಮುದ್ರಣ ಉಳಿಯದ ಧಾರಾವಾಹಿ ಇವುಗಳ ಏಕೈಕ ಸಾಕ್ಷ್ಯ ಅವುಗಳಲ್ಲೇ ಇರುವ ಸಾಧ್ಯತೆಯನ್ನು ಗಮನಿಸಿದರೆ ಈ ಪ್ರಶ್ನೆಯ ತುರ್ತು ಮನವರಿಕೆಯಾಗುತ್ತದೆ. ಪಿಎಚ್.ಡಿ. ಪ್ರಬಂಧಗಳಲ್ಲಿ ಇಂಥ ಬರಹಗಳು 'ಇತರ ಬರಹಗಳು' ಎಂಬ ಕೊನೆಯ ಅಧ್ಯಾಯಕ್ಕೆ ಸರಿಯುವ ರೂಢಿಯನ್ನೂ ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾಗಿದೆ.

8. ಸಮಾರೋಪ

ಆರ್ವೆಲ್ಲನ ವಿಮರ್ಶೆಗಳು ಒಂದು ಸಿದ್ಧಾಂತವನ್ನು ಕಟ್ಟಿಕೊಡುವುದಿಲ್ಲ. ಅವುಗಳಲ್ಲಿ ತಪ್ಪು ಎಣಿಕೆಗಳಿವೆ, ಅವಸರದ ತೀರ್ಪುಗಳಿವೆ, ಕೆಲವು ಕಲೆಗಳ ಬಗೆಗೆ ಕುರುಡೂ ಇದೆ. ಆದರೆ ಅವುಗಳನ್ನು ಓದುವವನಿಗೆ ತೀರ್ಪು ಕೊಟ್ಟವನು ಯಾರು, ಎಲ್ಲಿ ನಿಂತಿದ್ದ, ಅವನಿಗೆ ಯಾವುದು ಹಿಡಿಸಿತ್ತು ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಆ ತೀರ್ಪನ್ನು ತಿದ್ದಲೂ ಸಾಧ್ಯವಾಗುತ್ತದೆ. ಹೆಸರಿಲ್ಲದ ಹೊಗಳಿಕೆಯನ್ನು ತಿದ್ದಲು ಬಾರದು. ಬೆನ್ನುಡಿ, ಮುನ್ನುಡಿ, ಬಿಡುಗಡೆ ಭಾಷಣಗಳ ಮೂಲಕ ಪುಸ್ತಕ ಓದುಗನನ್ನು ತಲುಪುತ್ತಿರುವ ಸಂದರ್ಭದಲ್ಲಿ ಈ ವ್ಯತ್ಯಾಸ ಕನ್ನಡಕ್ಕೂ ಅನ್ವಯಿಸುತ್ತದೆ. ವ್ಯಕ್ತಿನಿಷ್ಠತೆ ವಿಮರ್ಶೆಯ ದೋಷವೆನಿಸುವುದು ಅದು ತನ್ನನ್ನು ಮರೆಮಾಡಿಕೊಂಡಾಗ. ತನ್ನನ್ನು ತೋರಿಸಿಕೊಂಡ ವ್ಯಕ್ತಿನಿಷ್ಠತೆ ಸಾಕ್ಷ್ಯವಾಗುತ್ತದೆ. ಸಾಕ್ಷ್ಯವನ್ನು ಪಾಟೀಸವಾಲಿಗೆ ಒಳಪಡಿಸುವುದು ಸಂಶೋಧಕನ ಕೆಲಸ. ಅದಕ್ಕೆ ಮೊದಲು ಅದನ್ನು ರದ್ದಿಯಿಂದ ಎತ್ತಿಕೊಳ್ಳುವುದೂ ಅವನದೇ ಹೊಣೆ.